ಮಳೆಯನ್ನು ಎಂತಕ್ಕೆ ಮಿಲಿಮೀಟರಲ್ಲಿ ಅಳೀತಾರೆ, ಮಿಸ್?

ವಿಷಯ ಗೊತ್ತಿರುವುದು ಬೇರೆ, ಅದನ್ನು ಮಕ್ಕಳಿಗೆ ಕಲಿಸುವ ತಿಳಿವಳಿಕೆ ಬೇರೆ ಅನ್ನುವುದರ ಬಗ್ಗೆ ಶಿವಮೊಗ್ಗದಲ್ಲಿ ಬಿ.ಎಡ್. ಓದುತ್ತಿರುವವರ ಮುಂದೆ ಒಂದು ಮಧ್ಯಾಹ್ನ ಮಾತಾಡಿದ್ದೆ. ಹೊರಗೆ ಮಳೆ ಜೋರಿತ್ತು. ಹಿಂದಿನ ಸಾಲಿನವರಿಗೆ ಅರ್ಧ ಮಾತು ಕೇಳಿಸಲೇ ಇಲ್ಲವಂತೆ. ಅವರಿಗಾಗಿ ಅದನ್ನು ಇಲ್ಲಿ ಬರೆದಿದ್ದೇನೆ. ಮಾತಿನ ಧಾಟಿಯನ್ನು ಹಾಗೇ ಬಿಟ್ಟಿದ್ದೇನೆ. ಅಲ್ಲಿ ಮರೆತಿದ್ದ ಒಂದೆರಡು ಸಂಗತಿ ಸೇರಿಸಿದ್ದೇನೆ, ಅಷ್ಟೇ.

ನಾನು ಬಹಳ ವರ್ಷ ಪ್ರೌಢಶಾಲೆಯಲ್ಲಿ ಪಿಸಿಎಂ, ಅಂದರೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದ ಮೇಷ್ಟ್ರಾಗಿದ್ದವನು. ಈಗ ಬಿ.ಎಡ್.ನಲ್ಲಿ ಭೌತಶಾಸ್ತ್ರ ಮತ್ತು ಗಣಿತದ ಮೆಥಡ್, ಅಂದರೆ ಆ ವಿಷಯಗಳನ್ನು ಕಲಿಸುವ ಬಗೆಯ ಪಾಠ, ತೆಗೆದುಕೊಳ್ಳುತ್ತೇನೆ. ಎರಡು ವರ್ಷದ ಹಿಂದೆ, ಜುಲೈ ತಿಂಗಳಲ್ಲಿ, ತೀರ್ಥಹಳ್ಳಿ ಕಡೆಯ ಒಂದು ಶಾಲೆಗೆ ಪಾಠ ವೀಕ್ಷಣೆಗೆ ಹೋಗಿದ್ದೆ. ನಮ್ಮ ಪ್ರಶಿಕ್ಷಣಾರ್ಥಿಯೊಬ್ಬಳು ಎಂಟನೇ ಕ್ಲಾಸಿಗೆ ಘನಫಲದ ಪಾಠ ಮಾಡುತ್ತಿದ್ದಳು. ಬಿ.ಎಸ್ಸಿ.ಯಲ್ಲಿ ಒಳ್ಳೇ ಅಂಕ ತೆಗೆದ ಹುಡುಗಿ. ಚಾರ್ಟು ಚೆನ್ನಾಗಿತ್ತು, ಕಪ್ಪುಹಲಗೆಯ ಮೇಲೆ ಅಕ್ಷರ ದುಂಡಗಿತ್ತು, ಮಕ್ಕಳೂ ಗಮನ ಕೊಟ್ಟು ಕೂತಿದ್ದರು. "ಘನಫಲವನ್ನು ನಾವು ದಿನಾ ಎಲ್ಲೆಲ್ಲಿ ಅಳೀತೀವಿ?" ಅಂತ ಕೇಳಿದಳು. ಹಾಲು, ಡೀಸೆಲ್, ಎಣ್ಣೆ ಅಂತ ಉತ್ತರ ಬಂತು. ಆಗ ಕಿಟಕಿ ಪಕ್ಕದ ಬೆಂಚಿನಿಂದ ಒಬ್ಬ ಹುಡುಗ ಎದ್ದ.

"ಮಿಸ್, ಹಾಲನ್ನ ಲೀಟರಲ್ಲಿ ಅಳೀತಾರೆ. ಮಳೆನೂ ನೀರೇ ಅಲ್ದಾ? ಅದನ್ನ ಎಂತಕ್ಕೆ ಮಿಲಿಮೀಟರಲ್ಲಿ ಅಳೀತಾರೆ?"

ಆಗುಂಬೆಯಲ್ಲಿ ಇಷ್ಟು ಮಿಲಿಮೀಟರ್ ಮಳೆ ಅಂತ ಮಳೆಗಾಲ ಪೂರ್ತಿ ಪೇಪರಿನಲ್ಲಿ ಓದಿ, ಟೀವಿಯಲ್ಲಿ ಕೇಳಿ ಬೆಳೆದ ಹುಡುಗ. ಅವನಿಗಲ್ಲದೆ ಇನ್ಯಾರಿಗೆ ಬರಬೇಕು ಈ ಪ್ರಶ್ನೆ? ನನಗೆ ಮೈ ಜುಂ ಅಂದಿತು. ಹುಡುಗಿ ಒಂದು ಕ್ಷಣ ಸುಮ್ಮನೆ ನಿಂತಳು. ಆಮೇಲೆ, "ಅದು ಹವಾಮಾನದವರು ಇಟ್ಟುಕೊಂಡಿರೋ ಪದ್ಧತಿ, ಕೂತ್ಕೋ" ಅಂದಳು. ಅವನು ಕೂತ.

ಇಲ್ಲಿ ಅವಳದು ತಪ್ಪು ಅಂತ ನಾನು ಹೇಳುವುದಿಲ್ಲ. ಅವಳಿಗೆ ಬೇಕಾದ ಗಣಿತ ಅವಳ ಬೆನ್ನ ಹಿಂದೆ, ಕಪ್ಪುಹಲಗೆಯ ಮೇಲೇ ಇತ್ತು: ತಳದ ವಿಸ್ತೀರ್ಣವನ್ನು ಎತ್ತರದಿಂದ ಗುಣಿಸಿದರೆ ಘನಫಲ. ಪ್ರಶ್ನೆ ಕೇಳುವ ಕೌಶಲ, ಮಕ್ಕಳನ್ನು ಮಾತಾಡಿಸುವ ಕೌಶಲ ಇವೆಲ್ಲ ಬಿ.ಎಡ್.ನಲ್ಲಿ ಕಲಿತಿದ್ದಳು, ಸಹಪಾಠಿಗಳ ಮುಂದೆ ಮಾಡುವ ಪುಟ್ಟ ಅಭ್ಯಾಸ ಪಾಠಗಳಲ್ಲಿ, ಅಂದರೆ ಮೈಕ್ರೋ ಟೀಚಿಂಗಿನಲ್ಲಿ, ಶಹಬ್ಬಾಸ್ ಅನ್ನಿಸಿಕೊಂಡವಳು. ಈ ದಡದಲ್ಲಿ ಬಿ.ಎಸ್ಸಿ., ಆ ದಡದಲ್ಲಿ ಬಿ.ಎಡ್. ನಡುವೆ ಹಳ್ಳಕ್ಕೆ ಕಾಲುಸಂಕ ಹಾಕಿಕೊಟ್ಟವರು ಇರಲಿಲ್ಲ. ಹಾಕಿಕೊಡಬೇಕಾದವರಲ್ಲಿ ಅವಳ ಮೆಥಡ್ ಮೇಷ್ಟ್ರಾದ ನಾನೂ ಒಬ್ಬ.

ಆವತ್ತು ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಕೂತು ಇಬ್ಬರೂ ಯೋಚನೆ ಮಾಡಿದೆವು. ಆ ಹುಡುಗನ ತಲೆಯಲ್ಲಿ ಏನು ಓಡುತ್ತಿರಬಹುದು? ಮಳೆ ಅಂದರೆ ಅವನಿಗೆ ಪಾತ್ರೆಯಲ್ಲಿ ಹಿಡಿಯುವ ನೀರು. ದೊಡ್ಡ ಪಾತ್ರೆ ಇಟ್ಟರೆ ಜಾಸ್ತಿ ನೀರು, ಚಿಕ್ಕದಿಟ್ಟರೆ ಕಮ್ಮಿ. ಹಾಗಿರುವಾಗ ಬರೀ ಎತ್ತರ ಹೇಳಿದರೆ ಏನು ಗೊತ್ತಾಗುತ್ತದೆ ಅನ್ನುವುದು ಅವನ ತಕರಾರು. ಎರಡು ಪಾತ್ರೆಯಲ್ಲಿ ನೀರು ಬೇರೆ ಬೇರೆ, ಆದರೆ ಎತ್ತರ ಒಂದೇ ಅಂತ ಅವನು ತನ್ನ ಕಣ್ಣಾರೆ ನೋಡಬೇಕು. ಬಾಯಲ್ಲಿ ಹೇಳಿದರೆ ಆಗುವ ಕೆಲಸ ಅಲ್ಲ ಅದು.

ಮಾರನೇ ದಿನ ಅವಳು ಶಾಲೆಯ ಅಂಗಳದಲ್ಲಿ ಮೂರು ಪಾತ್ರೆ ಇಟ್ಟಳು. ಒಂದು ಸಣ್ಣ ಸ್ಟೀಲ್ ಡಬ್ಬ. ಬಿಸಿಯೂಟದ ಅಡುಗೆಮನೆಯಿಂದ ತಂದ, ನೆಟ್ಟಗೆ ಅಂಚಿರುವ ಅಗಲ ಪಾತ್ರೆ. ಮೂರನೆಯದು ಖಾಲಿ ಪೇಂಟ್ ಬಕೆಟ್. ಅದನ್ನು ಮಕ್ಕಳೇ ತಂದಿಟ್ಟಿದ್ದು, ನಮ್ಮ ಲೆಕ್ಕದಲ್ಲಿ ಇರಲಿಲ್ಲ. ಊಟದ ಬೆಲ್ ಹೊಡೆಯುವ ಹೊತ್ತಿಗೆ ಡಬ್ಬದಲ್ಲಿ ಎರಡು ಸೆಂಟಿಮೀಟರಿಗಿಂತ ಕೂದಲೆಳೆ ಜಾಸ್ತಿ ನೀರು. ಅಗಲ ಪಾತ್ರೆಯಲ್ಲೂ ಅಷ್ಟೇ. ಮಕ್ಕಳು ಒಬ್ಬರ ಮೇಲೊಬ್ಬರು ಬಿದ್ದು ಸ್ಕೇಲು ಇಳಿಸಿ ನೋಡಿದರು. ಆದರೆ ಬಕೆಟ್ಟಿನಲ್ಲಿ ಮೂರು ಸೆಂಟಿಮೀಟರ್ ದಾಟಿತ್ತು! ಹುಡುಗಿ ನನ್ನ ಮುಖ ನೋಡಿದಳು. ನಾನು ಬಾಯಿ ಬಿಡಲಿಲ್ಲ. ಆ ಹುಡುಗ ಬಕೆಟ್ಟನ್ನು ಸುತ್ತ ತಿರುಗಿಸಿ ನೋಡಿ ಹೇಳಿದ: "ಇದರ ಬಾಯಿ ದೊಡ್ಡದು, ತಳ ಸಣ್ಣದು. ದೊಡ್ಡ ಬಾಯಲ್ಲಿ ಹಿಡಿದ ನೀರು ಸಣ್ಣ ತಳಕ್ಕೆ ಹೋಗಿ ಮೇಲೆ ಏರ್ತದೆ."

ಅವನು ಮಳೆಮಾಪಕದ ತತ್ವವನ್ನೇ ಹೇಳಿಬಿಟ್ಟಿದ್ದ. ಮಳೆಮಾಪಕಕ್ಕೆ ಮೇಲೆ ಅಗಲ ಬಾಯಿಯ ಆಲಿಕೆ, ಕೆಳಗೆ ಕಿರಿದಾದ ಅಳತೆ ಗಾಜು ಇರುತ್ತದೆ. ನೀರು ಮೇಲೇರಿ ನಿಂತರೆ ಸಣ್ಣ ಮಳೆಯನ್ನೂ ಸರಿಯಾಗಿ ಓದಬಹುದು, ಗಾಜಿನ ಗೆರೆಗಳನ್ನು ಅದಕ್ಕೆ ತಕ್ಕ ಹಾಗೆ ಹಾಕಿರುತ್ತಾರೆ. ಮುಂದಿನ ಪಿರಿಯಡ್ಡಿನಲ್ಲಿ ಅವಳು ಲೆಕ್ಕ ಮಾಡಿಸಿದಳು. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಅಂದರೆ ಸರಿಯಾಗಿ ಒಂದು ಲೀಟರ್ ನೀರು. 100 ಮಿಲಿಮೀಟರ್ ಮಳೆ ಬಿದ್ದರೆ ಒಂದು ಗುಂಟೆ ತೋಟಕ್ಕೆ ಸುಮಾರು 10,000 ಲೀಟರ್, ಒಂದು ಎಕರೆಗೆ ಸುಮಾರು ನಾಲ್ಕು ಲಕ್ಷ ಲೀಟರ್. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಜಾಸ್ತಿ ಬೀಳುತ್ತದೆ ಅಂದರೆ ಏಳು ಮೀಟರ್, ಎರಡು ಅಂತಸ್ತಿನ ಮನೆ ಎತ್ತರ. ಘನಫಲದ ಪಾಠ ಆ ಕ್ಲಾಸಿಗೆ ಆವತ್ತು ಹತ್ತಿತು.

ಈಗ ಕೇಳಿ. ಡಬ್ಬ, ಅಗಲ ಪಾತ್ರೆ ಇಟ್ಟು ತೋರಿಸಬೇಕು ಅಂತ ಹೊಳೆಯುವುದಕ್ಕೆ ಯಾವ ತಿಳಿವಳಿಕೆ ಬೇಕು? ಬರೀ ಗಣಿತ ಗೊತ್ತಿದ್ದರೆ ಹೊಳೆಯುವುದಿಲ್ಲ. ಬರೀ ಮನೋವಿಜ್ಞಾನ, ಬರೀ ತರಗತಿ ನಿರ್ವಹಣೆ ಗೊತ್ತಿದ್ದರೂ ಹೊಳೆಯುವುದಿಲ್ಲ. ಈ ವಿಷಯದಲ್ಲಿ, ಈ ಜಾಗದಲ್ಲಿ, ಈ ವಯಸ್ಸಿನ ಮಗು ಎಲ್ಲಿ ಎಡವುತ್ತದೆ, ಎಡವಿದಾಗ ಯಾವ ಉದಾಹರಣೆ ಕೈ ಹಿಡಿಯುತ್ತದೆ ಅನ್ನುವುದು ಬೇರೆಯದೇ ಒಂದು ತಿಳಿವಳಿಕೆ. ಅಮೆರಿಕದ ಶಿಕ್ಷಣತಜ್ಞ ಲೀ ಶುಲ್ಮನ್ ಇದಕ್ಕೆ 1986ರಲ್ಲಿ ಒಂದು ಹೆಸರು ಕೊಟ್ಟರು. ಅವರು ಹೆಕ್ಕಿ ತೋರಿಸಿದ ಒಂದು ಸಂಗತಿ ನನಗೆ ಮರೆಯುವುದಿಲ್ಲ. 1875ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಮೇಷ್ಟ್ರಾಗಲು ಬರೆಯಬೇಕಿದ್ದ ಪರೀಕ್ಷೆಗೆ ಒಟ್ಟು 1,000 ಅಂಕ, ಅದರಲ್ಲಿ ಬೋಧನೆಯ ಬಗ್ಗೆ ಇದ್ದದ್ದು ಬರೀ 50. ಮಿಕ್ಕಿದ್ದೆಲ್ಲ ವಿಷಯಜ್ಞಾನ. ನೂರು ವರ್ಷ ಕಳೆದ ಮೇಲೆ ತಕ್ಕಡಿ ಇನ್ನೊಂದು ಕಡೆಗೆ ವಾಲಿತ್ತು: ಪಾಠ ಹೇಗೆ ಶುರು ಮಾಡಬೇಕು, ಎಷ್ಟು ಪ್ರಶ್ನೆ ಕೇಳಬೇಕು ಅನ್ನುವುದೇ ಎಲ್ಲ, ಪಾಠದೊಳಗಿನ ವಿಷಯ ಯಾವುದು ಅಂತ ಕೇಳುವವರಿಲ್ಲ. ಶುಲ್ಮನ್ ಈ ಎರಡನ್ನೂ ಕೂಡಿಸುವ ಜಾಗದ ಕಡೆ ಬೆರಳು ತೋರಿಸಿದರು. ಕನ್ನಡದಲ್ಲಿ ನಾನು ಅದಕ್ಕೆ 'ವಿಷಯ ಕಲಿಸುವ ತಿಳಿವಳಿಕೆ' ಅನ್ನುತ್ತೇನೆ. ಬಿ.ಎಡ್.ನ ಮೆಥಡ್ ಪಿರಿಯಡ್ ಇರುವುದು ಇದಕ್ಕೇ ಅಂತ ನಾನು ನಂಬಿದ್ದೇನೆ.

ಆದರೆ ಆ ಪಿರಿಯಡ್ಡಿನಲ್ಲಿ ಏನಾಗುತ್ತದೆ ಅಂತ ನಿಮಗೆ ಗೊತ್ತು. ವಿಷಯದ ಮಹತ್ವ, ಗುರಿ, ಉದ್ದೇಶ, ಬ್ಲೂಪ್ರಿಂಟ್, ಲೆಸನ್ ಪ್ಲಾನ್. ಲೆಸನ್ ಪ್ಲಾನಿಗೆ ನಾವು ಓದುವಾಗ ಜರ್ಮನಿಯ ಚಿಂತಕ ಹರ್ಬಾರ್ಟ್ ಹೆಸರಿನ ಹೆಜ್ಜೆಗಳಿದ್ದವು, ಈಗ ಐದು ಹಂತದ 5ಇ ಮಾದರಿ ಬಂದಿದೆ. ಪದ್ಯಕ್ಕೂ ಅದೇ ಚೌಕಟ್ಟು, ಓಮ್‌ನ ನಿಯಮಕ್ಕೂ ಅದೇ ಚೌಕಟ್ಟು. ಚೌಕಟ್ಟು ಬೇಡ ಅಂತಲ್ಲ. 1963ರ ಸುಮಾರಿಗೆ ಸ್ಟ್ಯಾನ್‌ಫರ್ಡಿನಲ್ಲಿ ಶುರುವಾದ ಮೈಕ್ರೋ ಟೀಚಿಂಗಿನಿಂದಲೂ ಲಾಭ ಇದೆ, ಮೊದಲ ಸಲ ನಿಲ್ಲುವವರಿಗೆ ನಡುಕ ಕಮ್ಮಿಯಾಗುತ್ತದೆ. ತೊಂದರೆ ಏನು ಅಂದರೆ, ಅಲ್ಲಿ ಮಕ್ಕಳ ಹಾಗೆ ಕೂರುವವರು ನಿಮ್ಮ ಸಹಪಾಠಿಗಳು. ಅವರು ಯಾವತ್ತೂ ಮಗು ತಪ್ಪುವ ಹಾಗೆ ತಪ್ಪುವುದಿಲ್ಲ.

ಮಗು ಹೇಗೆ ತಪ್ಪುತ್ತದೆ? ಒಂದು ಉದಾಹರಣೆ. ಎರಡರಲ್ಲಿ ಒಂದು ಭಾಗ, ಮೂರರಲ್ಲಿ ಒಂದು ಭಾಗ ಕೂಡಿಸು ಅಂದರೆ ಐದರಲ್ಲಿ ಎರಡು ಅಂತ ಬರೆಯುವ ಮಕ್ಕಳು ಪ್ರತಿ ಕ್ಲಾಸಿನಲ್ಲೂ ಇರುತ್ತಾರೆ. ನಾನು ಮೇಷ್ಟ್ರಾದ ಶುರುವಿನ ವರ್ಷಗಳಲ್ಲಿ ಅದಕ್ಕೆ ಕೆಂಪು ಗೀಟು ಹಾಕಿ, ಲ.ಸಾ.ಅ. ತೆಗೆದು ಹತ್ತು ಸಲ ಬರೆ ಅನ್ನುತ್ತಿದ್ದೆ. ಒಮ್ಮೆ ಒಬ್ಬ ಹುಡುಗನ ಪಕ್ಕ ಕೂತು, "ಇದನ್ನ ಹೇಗೆ ಮಾಡಿದೆ ಹೇಳು ಮಾರಾಯ" ಅಂತ ಕೇಳಿದೆ. ಅವನು ಹೇಳಿದ: "ಸರ್, ನಿನ್ನೆ ಎರಡು ಬಾಲಲ್ಲಿ ಒಂದು ಫೋರ್ ಹೊಡೆದೆ. ಇವತ್ತು ಮೂರು ಬಾಲಲ್ಲಿ ಒಂದು. ಒಟ್ಟು ಐದು ಬಾಲಲ್ಲಿ ಎರಡು ಫೋರ್." ಅವನ ಲೆಕ್ಕ ಸರಿ! ಕ್ರಿಕೆಟ್ಟಿಗೆ ಅದೇ ಲೆಕ್ಕ. ರೊಟ್ಟಿ ಹಂಚುವುದಕ್ಕೆ ಮಾತ್ರ ಅದು ಆಗುವುದಿಲ್ಲ, ಯಾಕೆಂದರೆ ಅಲ್ಲಿ ಎರಡೂ ತುಂಡು ಒಂದೇ ಅಳತೆಯ ರೊಟ್ಟಿಯಿಂದ ಬಂದವು. ಅರ್ಧ ರೊಟ್ಟಿಗೆ ಇನ್ನಷ್ಟು ಸೇರಿಸಿದ ಮೇಲೆ ಅರ್ಧಕ್ಕಿಂತ ಕಮ್ಮಿ ಆಗುವುದು ಹೇಗೆ ಅಂತ ಕೇಳಿದರೆ ಮಗುವೇ ನಕ್ಕು ಅಳಿಸುತ್ತದೆ. ಹತ್ತು ಸಲ ಬರೆಸಿದ್ದರಿಂದ ಆಗದ ಕೆಲಸ ಅದು. ಈ ಒಂದು ತಪ್ಪಿನ ಬಗ್ಗೆಯೇ ಮೆಥಡ್ ಕ್ಲಾಸಿನಲ್ಲಿ ಒಂದು ವಾರ ಮಾತಾಡಬಹುದು, ಮಾತಾಡಬೇಕು.

ಜೀವಶಾಸ್ತ್ರದವರಿಗೂ ಹೇಳುತ್ತೇನೆ. ಗಿಡಕ್ಕೆ ಊಟ ಎಲ್ಲಿಂದ ಬರುತ್ತದೆ ಅಂತ ತೋಟದ ಮನೆಯ ಮಗುವನ್ನು ಕೇಳಿ. ಗೊಬ್ಬರದಿಂದ, ಮಣ್ಣಿನಿಂದ ಅನ್ನುತ್ತದೆ. ಮನೆಯಲ್ಲಿ ಅಜ್ಜನೂ ಅದನ್ನೇ ಹೇಳುವುದು. ದ್ಯುತಿಸಂಶ್ಲೇಷಣೆಯ ಸಮೀಕರಣ ಬರೆಸಿದರೆ ಪರೀಕ್ಷೆಯಲ್ಲಿ ಬರೆದು ಬರುತ್ತದೆ, ಮನಸ್ಸಿನಲ್ಲಿ ಗೊಬ್ಬರ ಹಾಗೇ ಇರುತ್ತದೆ. ಈ ಮಗು ಮಾಡಿದ ಯೋಚನೆಯನ್ನು ಹಿಂದೆ ದೊಡ್ಡವರೂ ಮಾಡಿದ್ದರು. ಅದು ನಿಜವೇ ಅಂತ ನೋಡಲು ವಾನ್ ಹೆಲ್ಮಾಂಟ್ ಅನ್ನುವವರು ಒಣಗಿಸಿ ತೂಕ ಮಾಡಿದ ಮಣ್ಣಲ್ಲಿ ಒಂದು ವಿಲೋ ಗಿಡ ನೆಟ್ಟು ಐದು ವರ್ಷ ನೀರು ಬಿಟ್ಟು ಬೇರೇನೂ ಹಾಕಲಿಲ್ಲ. ಗಿಡದ ತೂಕ ಸುಮಾರು 74 ಕಿಲೋ ಏರಿತು, ಮಣ್ಣಿನ ತೂಕ ಇಳಿದದ್ದು 60 ಗ್ರಾಮಿನಷ್ಟು ಮಾತ್ರ. ಅವರ ಈ ಬರಹ 1648ರಲ್ಲಿ ಅಚ್ಚಾಯಿತು. ಗಿಡ ಬೆಳೆದದ್ದು ಬರೀ ನೀರಿನಿಂದ ಅಂತ ಅವರು ತೀರ್ಮಾನಿಸಿದರು, ಗಾಳಿಯ ಲೆಕ್ಕ ಬಿಟ್ಟರು. ಈ ಕಥೆ ಹೇಳಿ ನೋಡಿ. ಮಕ್ಕಳು ತಕ್ಷಣ ಕೇಳುತ್ತಾರೆ, "ಹಂಗಾದ್ರೆ ತೋಟಕ್ಕೆ ಗೊಬ್ಬರ ಎಂತಕ್ಕೆ ಹಾಕೋದು?" ಅಲ್ಲಿಂದ ಖನಿಜಾಂಶದ ಪಾಠ ತಾನಾಗಿ ಹೊರಡುತ್ತದೆ. ಬಿ.ಎಸ್ಸಿ. ಓದುವಾಗ ಈ ಪ್ರಯೋಗ ನಮಗೆ ಒಂದು ಸಾಲಿನ ಟಿಪ್ಪಣಿ. ಕಲಿಸುವವನಿಗೆ ಅದು ಬಂಗಾರ.

ಸಮಾಜ ವಿಜ್ಞಾನದವರ ಕಷ್ಟ ಇನ್ನೂ ಜಾಸ್ತಿ. ಡಿಗ್ರಿಯಲ್ಲಿ ಇತಿಹಾಸ ಓದಿದವರು ಶಾಲೆಯಲ್ಲಿ ಭೂಗೋಳ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ, ವ್ಯವಹಾರ ಅಧ್ಯಯನ ಎಲ್ಲ ಮಾಡಬೇಕು. ಪ್ರತಿಯೊಂದಕ್ಕೂ ಅದರದೇ ಯೋಚನೆಯ ದಾರಿ ಇದೆ. ಇತಿಹಾಸದ ದಾರಿ ಯಾವುದು? ನಮ್ಮ ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಕಂಬದ ಶಾಸನ ಇದೆ. ಕದಂಬ ವಂಶದ ಮೊದಲ ಅರಸ ಮಯೂರಶರ್ಮ ಓದುವುದಕ್ಕೆ ಕಂಚಿಗೆ ಹೋದದ್ದು, ಅಲ್ಲಿ ಪಲ್ಲವರ ಕಡೆಯವರ ಜೊತೆ ಜಗಳ ಆದದ್ದು, ಕತ್ತಿ ಹಿಡಿದದ್ದು ಅದರಲ್ಲಿದೆ. ಆದರೆ ಅದನ್ನು ಬರೆದವನು ಕುಬ್ಜ ಎಂಬ ಕವಿ, ಶಾಂತಿವರ್ಮನ ಕಾಲದಲ್ಲಿ, ಮಯೂರಶರ್ಮನಿಂದ ಸುಮಾರು ನೂರು ವರ್ಷದ ಮೇಲೆ, ಅದೇ ವಂಶದ ಅರಸರಿಗಾಗಿ. ಮಕ್ಕಳನ್ನು ಅಲ್ಲಿಗೆ ಕರೆದುಕೊಂಡು ಹೋಗಿ ಫೋಟೋ ತೆಗೆಸಿ ವಾಪಸ್ ಬರಬೇಡಿ. ಇದನ್ನು ಯಾರು ಬರೆದರು, ಯಾವಾಗ, ಯಾರ ಸಂತೋಷಕ್ಕೆ, ಪಲ್ಲವರ ಕಡೆಯವರು ಬರೆದಿದ್ದರೆ ಹೇಗೆ ಬರೆಯುತ್ತಿದ್ದರು ಅಂತ ಕೇಳಿ. ಈ ಪ್ರಶ್ನೆ ಕೇಳಿಸುವುದನ್ನು ಕಲಿಸಿದರೆ ಅದು ಇತಿಹಾಸದ ಮೆಥಡ್. ಇಸವಿ ಬಾಯಿಪಾಠ ಮಾಡಿಸುವುದಕ್ಕೆ ಎರಡು ವರ್ಷದ ಕೋರ್ಸ್ ಬೇಕಿಲ್ಲ.

ಇನ್ನೊಂದು ಸಂಗತಿ, ನಮ್ಮ ಭಾಷೆಯದು. ಕನ್ನಡ ಮಾಧ್ಯಮದ ವಿಜ್ಞಾನ ಪುಸ್ತಕದಲ್ಲಿ ಜವ ಬೇರೆ, ವೇಗ ಬೇರೆ. ವೇಗಕ್ಕೆ ದಿಕ್ಕು ಇದೆ, ಜವಕ್ಕೆ ಇಲ್ಲ. ಮಗು ಆಡುವ ಮಾತಿನಲ್ಲಿ ಜವ ಅನ್ನುವ ಪದವೇ ಇಲ್ಲ, ವೇಗ ಅಂದರೆ ಬರೀ ಜೋರಾಗಿ ಹೋಗುವುದು. ಈ ಒಂದು ಪದದಿಂದ ಎಷ್ಟು ಮಕ್ಕಳು ಮುಗ್ಗರಿಸುತ್ತಾರೆ! ಹಾಗೇ ಕನ್ನಡ ನಮಗೆ ದಾರಿ ಮಾಡಿಕೊಡುವ ಜಾಗವೂ ಇದೆ. ಟೊಮೆಟೊ ಹಣ್ಣೋ ತರಕಾರಿಯೋ ಅಂತ ಇಂಗ್ಲಿಷ್ ಪುಸ್ತಕ ನೋಡಿ ದೊಡ್ಡ ಚರ್ಚೆ ಮಾಡಿಸುತ್ತಾರೆ. ನಮ್ಮ ಮಗುವಿಗೆ ಅದರಲ್ಲಿ ಅಂಥ ಗೊಂದಲ ಇಲ್ಲ. ಹೂವು ಮಿಡಿಯಾಗುತ್ತದೆ, ಮಿಡಿ ಕಾಯಾಗುತ್ತದೆ, ಕಾಯಿ ಹಣ್ಣಾಗುತ್ತದೆ ಅಂತ ಅದಕ್ಕೆ ಮಾತು ಕಲಿತಾಗಿನಿಂದ ಗೊತ್ತು. ಸಸ್ಯಶಾಸ್ತ್ರ ಹೇಳುವುದೂ ಅದೇ. ಇದನ್ನು ನಿಮಗೆ ಬೇರೆ ದೇಶದ ಪುಸ್ತಕ ಹೇಳಿಕೊಡುವುದಿಲ್ಲ, ನಾವೇ ಕೂತು ಹುಡುಕಬೇಕು. ಮನೆಯಲ್ಲಿ ಕೊಂಕಣಿ, ಬ್ಯಾರಿ, ಉರ್ದು, ಲಂಬಾಣಿ ಆಡುವ ಮಕ್ಕಳು ನಮ್ಮ ಕ್ಲಾಸುಗಳಲ್ಲಿ ಇದ್ದಾರೆ. ಅವರಿಗೆ ಇದು ಇನ್ನೊಂದು ಸುತ್ತು ಕಷ್ಟ.

ಇದನ್ನೆಲ್ಲ ಎಲ್ಲಿ ಕಲಿಯುವುದು? ವಿಶ್ವವಿದ್ಯಾಲಯ ಅನ್ನುವುದು ಇದಕ್ಕೆ ತಕ್ಕ ಜಾಗ, ಯಾಕೆಂದರೆ ಭೌತಶಾಸ್ತ್ರ ಗೊತ್ತಿರುವವರು, ಮಕ್ಕಳ ಕಲಿಕೆ ಗೊತ್ತಿರುವವರು ಇಬ್ಬರೂ ಒಂದೇ ಸೂರಿನಡಿ ಸಿಗುವುದು ಅಲ್ಲಿಯೇ. ಜರ್ಮನಿಯಲ್ಲಿ ಹೈಸ್ಕೂಲು ಮೇಷ್ಟ್ರಾಗುವವರು ಸಾಮಾನ್ಯವಾಗಿ ಎರಡು ವಿಷಯ ಓದುತ್ತಾರೆ, ಪ್ರತಿ ವಿಷಯಕ್ಕೂ ಅದರದೇ ಬೋಧನಾಶಾಸ್ತ್ರ ಇರುತ್ತದೆ. ಗಣಿತ ವಿಭಾಗದಲ್ಲೇ ಗಣಿತ ಕಲಿಸುವುದರ ಬಗ್ಗೆ ಸಂಶೋಧನೆ ಮಾಡುವ ಪ್ರೊಫೆಸರ್ ಇರುವುದುಂಟು. ಓದು ಮುಗಿದ ಮೇಲೂ ಒಂದೂವರೆ ವರ್ಷದ ಆಸುಪಾಸು ಶಾಲೆಯಲ್ಲಿ ಸಂಬಳ ಸಹಿತ ತರಬೇತಿ. ಫಿನ್‌ಲೆಂಡಿನಲ್ಲಿ ವಿಷಯ ಶಿಕ್ಷಕರು ತಮ್ಮ ವಿಷಯದ ಮಾಸ್ಟರ್ಸ್ ಜೊತೆಗೆ 60 ಕ್ರೆಡಿಟ್ಟಿನಷ್ಟು, ಅಂದರೆ ಸುಮಾರು ಒಂದು ವರ್ಷದ ಓದಿನಷ್ಟು, ಶಿಕ್ಷಣಶಾಸ್ತ್ರ ಓದುತ್ತಾರೆ, ವಿಶ್ವವಿದ್ಯಾಲಯದ್ದೇ ಆದ ಅಭ್ಯಾಸ ಶಾಲೆಗಳಿವೆ.

ಅಷ್ಟು ದೂರ ಯಾಕೆ, ನಮ್ಮ ಮೈಸೂರಿನಲ್ಲೇ ಇದೆ. ಎನ್‌ಸಿಇಆರ್‌ಟಿಯ ಪ್ರಾದೇಶಿಕ ಶಿಕ್ಷಣ ಸಂಸ್ಥೆ 1963ರಲ್ಲಿ ಶುರುವಾಯಿತು, ನಾಲ್ಕು ವರ್ಷದ ಬಿ.ಎಸ್ಸಿ.ಎಡ್. ಅಲ್ಲಿ ಎಷ್ಟೋ ಕಾಲ ನಡೆದಿದೆ. ವಿಷಯವೂ ಬೋಧನೆಯೂ ಜೊತೆಜೊತೆಗೆ. ಈಗ 2020ರ ಶಿಕ್ಷಣ ನೀತಿ ಬಂದ ಮೇಲೆ ದೇಶದ ಬೇರೆ ಬೇರೆ ಕಡೆ ನಾಲ್ಕು ವರ್ಷದ ಸಂಯೋಜಿತ ಕೋರ್ಸ್ 2023-24ರಿಂದ ಶುರುವಾಗಿದೆ. ಒಳ್ಳೆಯದೇ. ಆದರೆ ನನ್ನ ಭಯ ಹೇಳಿಬಿಡುತ್ತೇನೆ. ಎರಡು ವಿಭಾಗದವರು ಒಂದೇ ಸರ್ಟಿಫಿಕೇಟಿನ ಕೆಳಗೆ ಎರಡು ದ್ವೀಪವಾಗಿಯೇ ಉಳಿದರೆ, ಕೋರ್ಸ್ ಎಷ್ಟು ವರ್ಷದ್ದಾದರೇನು? ಬೆಳಿಗ್ಗೆ ವಿದ್ಯುತ್ ಪಾಠ ಮಾಡಿದ ಭೌತಶಾಸ್ತ್ರದ ಮೇಡಂ, ಮಧ್ಯಾಹ್ನ ಮೆಥಡ್ ಮೇಷ್ಟ್ರ ಪಕ್ಕ ಕೂತು, ಮೊದಲ ಬಲ್ಬು ಕರೆಂಟನ್ನು ತಿಂದುಬಿಟ್ಟು ಎರಡನೆಯದಕ್ಕೆ ಕಮ್ಮಿ ಕೊಡುತ್ತದೆ ಅಂತ ಮಕ್ಕಳು ಯಾಕೆ ಅಂದುಕೊಳ್ಳುತ್ತಾರೆ ಅಂತ ಮಾತಾಡಬೇಕು. ಶಂಕರಘಟ್ಟದಲ್ಲಿ ಕುವೆಂಪು ವಿಶ್ವವಿದ್ಯಾಲಯ 1987ರಿಂದ ಇದೆ, ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳ ಕಾಲೇಜುಗಳು ಅದರ ಅಡಿಯಲ್ಲಿವೆ. ಮಲೆನಾಡಿನ ಮಕ್ಕಳು ಯಾವ ಯಾವ ವಿಷಯದಲ್ಲಿ ಹೇಗೆ ಹೇಗೆ ತಪ್ಪುತ್ತಾರೆ ಅನ್ನುವ ಒಂದು ಸಂಗ್ರಹ ನಮ್ಮ ಎರಡು ಜಿಲ್ಲೆಯಿಂದಲೇ ಹೊರಡಲಿ ಅನ್ನುವುದು ನನ್ನ ಆಸೆ. ಪ್ರತಿ ವರ್ಷ ಎಷ್ಟೊಂದು ಜನ ಇಂಟರ್ನ್‌ಶಿಪ್ಪಿಗೆ ಹೋಗುತ್ತೀರಿ. ಒಬ್ಬೊಬ್ಬರು ಹತ್ತು ತಪ್ಪು ಉತ್ತರ, ಅದರ ಹಿಂದಿನ ಯೋಚನೆ ಬರೆದು ತಂದರೂ ಸಾಕು.

ಬಿ.ಎಡ್. ಎರಡು ವರ್ಷವಾದದ್ದು 2015ರಲ್ಲಿ. ಆಗ ಶಾಲೆಯಲ್ಲಿ ಇರುವ ಅವಧಿ 20 ವಾರಕ್ಕೆ ಏರಿತು. ಇದು ಸಣ್ಣ ಸಂಗತಿ ಅಲ್ಲ. ಆದರೆ ಈ ವಾರಗಳು ರೆಕಾರ್ಡ್ ಬರೆಯುವುದರಲ್ಲಿ, ಸಹಿ ಹಾಕಿಸುವುದರಲ್ಲಿ, ರಜೆ ಹಾಕಿದ ಮೇಷ್ಟ್ರ ಪಿರಿಯಡ್ ತುಂಬುವುದರಲ್ಲಿ ಕಳೆದುಹೋಗುವುದನ್ನು ನೋಡಿ ನೋಡಿ ನನಗೆ ಸಂಕಟವಾಗುತ್ತದೆ. ನೀವು ಅಲ್ಲಿಗೆ ಹೋಗುವುದು ಮಕ್ಕಳ ತಲೆಯೊಳಗೆ ನಿಮ್ಮ ವಿಷಯ ಹೇಗೆ ಕೂತಿದೆ ಅಂತ ನೋಡುವುದಕ್ಕೆ.

ಮಾತು ಮುಗಿದ ಮೇಲೆ ಎರಡು ಪ್ರಶ್ನೆ ಬಂದವು. ಒಬ್ಬರು, "ಸರ್, ಸಿಲೆಬಸ್ ಮುಗಿಸಬೇಕಲ್ಲ, ಹೀಗೆ ಒಂದೊಂದು ತಪ್ಪಿನ ಹಿಂದೆ ಹೋದರೆ ಟೈಮ್ ಎಲ್ಲಿ?" ಅಂದರು. ಎಲ್ಲ ತಪ್ಪಿನ ಹಿಂದೆ ಹೋಗಲು ಆಗುವುದಿಲ್ಲ, ನಿಜ. ಪ್ರತಿ ಅಧ್ಯಾಯದಲ್ಲಿ ಒಂದೋ ಎರಡೋ ಜಾಗ ಇರುತ್ತದೆ, ಅಲ್ಲಿ ಬಿದ್ದವರು ಮುಂದೆ ಏಳುವುದಿಲ್ಲ. ಭಿನ್ನರಾಶಿ ಕೈಕೊಟ್ಟ ಮಗುವಿಗೆ ಹತ್ತನೇ ಕ್ಲಾಸಿನ ಬೀಜಗಣಿತ ಹತ್ತುವುದಿಲ್ಲ. ಅಂಥ ಜಾಗ ಯಾವುದು ಅಂತ ಗುರುತಿಸಿ, ಅಲ್ಲಿ ಎರಡು ಪಿರಿಯಡ್ ಜಾಸ್ತಿ ನಿಲ್ಲಿ, ಬೇರೆ ಕಡೆ ಬೇಗ ಸಾಗಿ.

ಇನ್ನೊಬ್ಬಳು, ಸೋಮವಾರದಿಂದ ಇಂಟರ್ನ್‌ಶಿಪ್ಪಿಗೆ ಹೊಸನಗರ ಕಡೆ ಹೋಗುವವಳು, ಎದ್ದು ನಿಂತು ಕೇಳಿದಳು: "ಮೊದಲ ದಿನ ಏನು ಮಾಡ್ಲಿ ಸರ್?"

ಪಾಠ ಮಾಡಬೇಡಮ್ಮ ಅಂದೆ. ಮೊದಲು ಹಿಂದಿನ ಘಟಕ ಪರೀಕ್ಷೆಯ ಉತ್ತರ ಪತ್ರಿಕೆಗಳನ್ನು ಅಲ್ಲಿನ ಮೇಷ್ಟ್ರ ಹತ್ತಿರ ಕೇಳಿ ತಗೋ. ಜಾಸ್ತಿ ಮಕ್ಕಳು ಒಂದೇ ಥರ ತಪ್ಪು ಮಾಡಿರುವ ಒಂದು ಲೆಕ್ಕ ಹುಡುಕು. ಊಟದ ಬಿಡುವಿನಲ್ಲಿ ಅದನ್ನು ಬರೆದ ಒಂದು ಮಗುವನ್ನು ಕರೆದು ಪಕ್ಕ ಕೂರಿಸಿಕೋ. ಇದನ್ನ ಹೇಗೆ ಮಾಡಿದೆ ಹೇಳು ಅಂತ ಕೇಳು. ಮಗು ಹೆದರಿ ಅಳಿಸಲು ಹೋಗುತ್ತದೆ. ಅಳಿಸಲು ಬಿಡಬೇಡ, ತಪ್ಪು ಹುಡುಕುವುದಕ್ಕೆ ಕರೆದದ್ದಲ್ಲ ಅಂತ ಹೇಳು, ಹೇಳಿದ್ದನ್ನು ಅದರ ಮಾತಿನಲ್ಲೇ ಬರೆದುಕೋ.

ಅವಳು ಅಲ್ಲೇ ಕೂತು ನೋಟ್‌ಬುಕ್ಕಿನ ಕೊನೇ ಹಾಳೆ ತೆಗೆದು ಬರೆದುಕೊಂಡಳು. ಹೊರಗೆ ಮಳೆ ಇನ್ನೂ ಬಿಟ್ಟಿರಲಿಲ್ಲ.